ಕಾಲುದಾರಿ, ನಾಯಿ ಮತ್ತು ಎರಡು ಮೀಟರ್ ಹಗ್ಗ

ನಗರದ ಉದ್ಯಾನಗಳಲ್ಲಿ, ಊರಂಚಿನ ಕುರುಚಲು ಕಾಡುಗಳಲ್ಲಿ, ಗುಡ್ಡದ ಕಾಲುದಾರಿಗಳಲ್ಲಿ ಸಾಕುನಾಯಿಯನ್ನು ಜತೆಗೆ ಕರೆದುಕೊಂಡು ನಡೆಯುವುದು ಬೆಂಗಳೂರು, ಮೈಸೂರುಗಳಂಥ ಊರುಗಳಲ್ಲಿ ಈಗ ದಿನಚರಿಯ ಭಾಗವಾಗಿದ್ದು, ಅದರ ಸುತ್ತ ನಡೆಯುವ ಚರ್ಚೆ ಬಹುಮಟ್ಟಿಗೆ ಹಕ್ಕಿನ ಭಾಷೆಯಲ್ಲಿಯೇ ಸಾಗುತ್ತದೆ: ನಾಯಿ ಸಾಕಿದವರು ಉದ್ಯಾನ ತಮಗೂ ಸೇರಿದ್ದೆಂದು ವಾದಿಸುತ್ತಾರೆ, ಸಾಕದವರು ನಿರ್ಭಯವಾಗಿ ಓಡಾಡುವ ಸ್ವಾತಂತ್ರ್ಯವನ್ನು ಕೇಳುತ್ತಾರೆ, ಇಲಾಖೆಗಳು ನಡುವೆ ನಿಂತು ಫಲಕ ನೆಡುತ್ತವೆ. ಈ ಜಗ್ಗಾಟದಲ್ಲಿ ಮರೆಯಾಗುವ ಸಂಗತಿಯೆಂದರೆ, ಒಂದೇ ದಾರಿಯಲ್ಲಿ ಅಕ್ಕಪಕ್ಕ ನಡೆಯುವ ಮನುಷ್ಯನೂ ನಾಯಿಯೂ ಒಂದೇ ಜಾಗದಲ್ಲಿ ನಡೆಯುತ್ತಿರುವುದಿಲ್ಲ ಎಂಬುದು. ಮನುಷ್ಯನಿಗೆ ದಾರಿ ಎಂದರೆ ಕಣ್ಣಿಗೆ ಕಾಣುವ ಮಣ್ಣಿನ ಪಟ್ಟಿ. ನಾಯಿಗೆ ಆ ಪಟ್ಟಿಯ ಎರಡೂ ಬದಿಗಳಲ್ಲಿ ಹರಡಿಕೊಂಡಿರುವ ವಾಸನೆಗಳೇ ದಾರಿ. ಇವೆರಡರ ನಡುವಿನ ಅಂತರವನ್ನು ಹಿಡಿತದಲ್ಲಿಡುವ ಸಾಧನ ಕೊರಳಪಟ್ಟಿಗೆ ಕಟ್ಟಿದ ಹಗ್ಗವೊಂದೇ ಆಗಿರುವುದರಿಂದ, ನಾಯಿಯೊಡನೆ ಚಾರಣ ಎಂಬ ವಿಷಯದ ಬಹುಪಾಲು ಪ್ರಶ್ನೆಗಳು ಆ ಹಗ್ಗದ ಉದ್ದದ ಪ್ರಶ್ನೆಗಳಾಗಿಯೇ ಬಂದು ನಿಲ್ಲುತ್ತವೆ.

ವಾಸನೆಯನ್ನು ಗುರುತಿಸುವ ಜೀವಕೋಶಗಳ ಗ್ರಾಹಕಗಳು ಮನುಷ್ಯನ ಮೂಗಿನಲ್ಲಿ ಕೆಲವು ದಶಲಕ್ಷ ಇದ್ದರೆ ನಾಯಿಯ ಮೂಗಿನಲ್ಲಿ ಕೋಟಿಗಳ ಲೆಕ್ಕದಲ್ಲಿವೆ. ಅಷ್ಟೇ ಅಲ್ಲದೆ, ಅಂಗುಳಿನ ಮೇಲ್ಭಾಗದಲ್ಲಿರುವ ಜೇಕಬ್ಸನ್ ಅಂಗ ಎಂಬ ಇನ್ನೊಂದು ಇಂದ್ರಿಯ, ಬೇರೆ ಪ್ರಾಣಿಗಳು ಮೂತ್ರ ಮತ್ತು ಗ್ರಂಥಿಸ್ರಾವಗಳ ಮೂಲಕ ಬಿಟ್ಟುಹೋದ ರಾಸಾಯನಿಕ ಸಂಕೇತಗಳನ್ನು ಗ್ರಹಿಸಲು ಅದಕ್ಕೆ ನೆರವಾಗುತ್ತದೆ. ಉದ್ಯಾನದ ಒಂದು ಮರದ ಬುಡದಲ್ಲಿ ನಾಯಿ ಕದಲದೆ ನಿಂತುಬಿಟ್ಟಾಗ ಒಡೆಯನಿಗೆ ಅದು ವ್ಯರ್ಥ ವಿಳಂಬವಾಗಿ ತೋರಬಹುದು, ಆದರೆ ಯಾವ ನಾಯಿ ಯಾವಾಗ ಬಂದಿತ್ತು, ಅದು ಗಂಡೋ ಹೆಣ್ಣೋ, ಬೆದೆಯಲ್ಲಿತ್ತೋ ಎಂಬ ವಿವರಗಳನ್ನು ಆ ಬುಡದಿಂದ ಅದು ತಿಳಿದುಕೊಳ್ಳುತ್ತಿರುತ್ತದೆ. ನಡಿಗೆಯನ್ನು ಕೇವಲ ಹೆಜ್ಜೆಗಳ ಲೆಕ್ಕವಾಗಿ ಕಾಣುವವರು ನಾಯಿಯನ್ನು ಎಳೆದುಕೊಂಡು ಸಾಗಿದರೆ ಅದರ ಕಾಲಿಗೆ ವ್ಯಾಯಾಮ ಸಿಗುತ್ತದೆ, ಮನಸ್ಸಿಗೆ ಏನೂ ಸಿಗುವುದಿಲ್ಲ. ಮೂಸಲು ಬಿಡುತ್ತ ನಿಧಾನವಾಗಿ ಒಂದು ಮೈಲಿ ನಡೆಸುವುದು, ಎಳೆದಾಡುತ್ತ ಮೂರು ಮೈಲಿ ಓಡಿಸುವುದಕ್ಕಿಂತ ಮೇಲು.

ನಾಯಿ ವಾಸನೆಯನ್ನು ಓದುವುದಷ್ಟೇ ಅಲ್ಲ, ತನ್ನದನ್ನೂ ಬಿಟ್ಟುಹೋಗುತ್ತದೆ, ಮತ್ತು ಅದನ್ನು ಓದುವವರಲ್ಲಿ ಬೇರೆ ನಾಯಿಗಳಷ್ಟೇ ಇರುವುದಿಲ್ಲ. ಮೊಲ, ಮುಂಗುಸಿ, ನೆಲದಲ್ಲಿ ಗೂಡು ಮಾಡುವ ಹಕ್ಕಿ, ಇವೆಲ್ಲಕ್ಕೂ ನಾಯಿ ಎಂಬುದು ತೋಳದ ವಂಶದ ಬೇಟೆಗಾರ ಪ್ರಾಣಿ. ಅದು ಸಾಧುವೋ ಅಲ್ಲವೋ, ಅದಕ್ಕೆ ಬೆಳಗಿನ ಊಟ ಆಗಿದೆಯೋ ಇಲ್ಲವೋ ಎಂದು ವಿಚಾರಿಸುವ ವ್ಯವಧಾನ ಅವುಗಳಿಗಿಲ್ಲ. ಆಸ್ಟ್ರೇಲಿಯಾದ ಸಿಡ್ನಿಯ ಹೊರವಲಯದ ಕಾಡುಗಳಲ್ಲಿ ಪೀಟರ್ ಬ್ಯಾಂಕ್ಸ್ ಮತ್ತು ಜೆಸಿಕಾ ಬ್ರಯಂಟ್ ಎಂಬ ಸಂಶೋಧಕರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುತ್ತದೆ. ಹಗ್ಗ ಕಟ್ಟಿದ ನಾಯಿಯನ್ನು ನಡೆಸಿಕೊಂಡು ಹೋದ ದಾರಿಗಳಲ್ಲಿ, ಯಾರೂ ನಡೆಯದ ದಾರಿಗಳಿಗೆ ಹೋಲಿಸಿದರೆ, ಕಂಡ ಹಕ್ಕಿ ಪ್ರಭೇದಗಳ ವೈವಿಧ್ಯ ಶೇ 35ರಷ್ಟೂ ಹಕ್ಕಿಗಳ ಸಂಖ್ಯೆ ಶೇ 41ರಷ್ಟೂ ಕುಸಿದಿದ್ದವು. ಮನುಷ್ಯರು ಮಾತ್ರ ನಡೆದಾಗ ಆದ ಪರಿಣಾಮ ಇದರ ಅರ್ಧಕ್ಕಿಂತ ಕಡಿಮೆ. ನಾಯಿಗಳು ದಿನವೂ ಬರುವ ಜಾಗದ ಹಕ್ಕಿಗಳು ಕ್ರಮೇಣ ಅಭ್ಯಾಸ ಮಾಡಿಕೊಂಡಿರಬಹುದೆಂಬ ನಿರೀಕ್ಷೆಯೂ ಸುಳ್ಳಾಯಿತು. ನಾಯಿಗೆ ಪ್ರವೇಶವಿಲ್ಲದ ಕಾಡಿನಲ್ಲೂ ದಿನವೂ ನಾಯಿ ಬರುವ ಕಾಡಿನಲ್ಲೂ ಫಲಿತಾಂಶ ಒಂದೇ ಬಗೆಯದಾಗಿತ್ತು. ಹಗ್ಗ ಕಟ್ಟಿದ ಮೇಲೆ ಎಲ್ಲವೂ ಸರಿಹೋಯಿತೆಂದು ನಂಬುವವರಿಗೆ ಇದು ಅಪ್ರಿಯ ಸಂಗತಿ. ಹಗ್ಗ ಹಾನಿಗೆ ಒಂದು ಗಡಿ ಹಾಕುತ್ತದೆಯೇ ಹೊರತು ಅದನ್ನು ಇಲ್ಲವಾಗಿಸುವುದಿಲ್ಲ.

ಕರ್ನಾಟಕದ ಬಯಲುಸೀಮೆಯ ಕುರುಚಲು ಕಾಡಿಗೆ ಈ ಮಾತನ್ನು ಅನ್ವಯಿಸಿದರೆ ಮೊದಲು ನೆನಪಾಗಬೇಕಾದ್ದು ಟಿಟ್ಟಿಭ, ಗೌಜಲಹಕ್ಕಿ ಮತ್ತು ನವಿಲು. ಮೂರೂ ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳು; ಅದರಲ್ಲೂ ಟಿಟ್ಟಿಭ ಬಿಸಿಲುಗಾಲದಲ್ಲಿ ಬಟಾಬಯಲಿನ ಕಲ್ಲುಗಳ ನಡುವೆ, ಗೂಡೆಂದು ಹೇಳಲಾಗದ ಒಂದು ತಗ್ಗಿನಲ್ಲಿ ಮೊಟ್ಟೆಯಿಟ್ಟು, ಮೊಟ್ಟೆಯ ಬಣ್ಣ ಕಲ್ಲಿನ ಬಣ್ಣದೊಂದಿಗೆ ಬೆರೆತುಹೋಗುವುದನ್ನೇ ರಕ್ಷಣೆಯಾಗಿ ನೆಚ್ಚಿಕೊಂಡಿರುತ್ತದೆ. ಈ ಉಪಾಯ ಕಣ್ಣಿನಿಂದ ಹುಡುಕುವ ಶತ್ರುವಿನ ಮುಂದೆ ನಡೆಯುತ್ತದೆ, ಮೂಗಿನಿಂದ ಹುಡುಕುವವನ ಮುಂದೆ ನಡೆಯುವುದಿಲ್ಲ. ತಾಯಿಹಕ್ಕಿ ಚೀರುತ್ತ ನೆತ್ತಿಯ ಮೇಲೆ ಸುತ್ತುತ್ತಿದ್ದರೆ ಹತ್ತಿರದಲ್ಲೇ ಮೊಟ್ಟೆಯೋ ಮರಿಯೋ ಇದೆಯೆಂದು ತಿಳಿದು ನಾಯಿಯನ್ನು ಹಿಂದಕ್ಕೆ ತಿರುಗಿಸಬೇಕು. ಇಂಗ್ಲೆಂಡಿನಲ್ಲಿ ಈ ವಿವೇಕವನ್ನು ಕಾನೂನೇ ವಹಿಸಿಕೊಂಡಿದೆ: ಗ್ರಾಮಾಂತರ ಪ್ರದೇಶ ಮತ್ತು ಹಾದಿಹಕ್ಕುಗಳಿಗೆ ಸಂಬಂಧಿಸಿದ 2000ನೇ ಇಸವಿಯ ಕಾಯ್ದೆಯ ಪ್ರಕಾರ, ಸಾರ್ವಜನಿಕರಿಗೆ ತೆರೆದಿರುವ ಬಯಲು ಮತ್ತು ಗುಡ್ಡಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ, ಎಂದರೆ ಹಕ್ಕಿಗಳು ಮರಿಮಾಡುವ ಕಾಲದಲ್ಲಿ, ನಾಯಿಯನ್ನು 2 ಮೀಟರ್ ಮೀರದ ಹಗ್ಗದಲ್ಲಿ ಹಿಡಿದಿರಬೇಕು.

ಹಗ್ಗದ ಅಗತ್ಯ ತಳಿಯಿಂದ ತಳಿಗೆ ಬೇರೆಯಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಸೈಟ್‌ಹೌಂಡ್ ಎಂಬ ಗುಂಪಿಗೆ ಸೇರಿದ್ದು. ನೆಲದ ವಾಸನೆ ಹಿಡಿದು ಬೆನ್ನಟ್ಟುವ ನಾಯಿಗಳಿಗಿಂತ ಭಿನ್ನವಾಗಿ, ದೂರದಲ್ಲಿ ಅಲುಗಿದ್ದನ್ನು ಕಣ್ಣಿನಿಂದಲೇ ಹಿಡಿದು ಬಾಣದಂತೆ ಹೊರಡುವ ಬೇಟೆನಾಯಿಗಳಿಗೆ ಈ ಹೆಸರು. ತಲೆಮಾರುಗಳ ಆಯ್ಕೆಯಿಂದ ರೂಪುಗೊಂಡ ಈ ಗುಣವನ್ನು ಅಪಾರ್ಟ್‌ಮೆಂಟಿನ ಶಿಸ್ತು ಅಳಿಸಿಹಾಕಲಾರದು. ಮೊಲವೊಂದು ಎದ್ದು ಓಡಿದ ಮೇಲೆ ಒಡೆಯ ಎಷ್ಟು ಪ್ರೀತಿಯಿಂದ ಹೆಸರು ಹಿಡಿದು ಕೂಗಿದರೂ ಅದು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ, ಆದ್ದರಿಂದ ಅಂಥ ನಾಯಿಯ ವಿಧೇಯತೆಯನ್ನು ಹೊಗಳುತ್ತ ಹಗ್ಗ ಬಿಚ್ಚುವುದು ಅದರ ವಂಶವನ್ನೇ ಅರಿಯದವರ ಮಾತು. ಎಳೆದಷ್ಟೂ ಬಿಚ್ಚಿಕೊಂಡು, ಗುಂಡಿ ಒತ್ತಿದಾಗ ಸುತ್ತಿಕೊಳ್ಳುವ ಲೀಶ್‌ಗಳೂ ಕಾಡುದಾರಿಗೆ ತಕ್ಕವಲ್ಲ; ಆ ತೆಳು ಹುರಿ ಪೊದೆಗೆ ಸುತ್ತಿಕೊಳ್ಳುತ್ತದೆ, ಎದುರು ಬಂದವರ ಕಾಲನ್ನು ಕೊಯ್ಯುತ್ತದೆ, ಮತ್ತು ಹಿಡಿತ ಬೇಕಾದ ಗಳಿಗೆಯಲ್ಲಿ ನಾಯಿ ಐದು ಮೀಟರ್ ಆಚೆ ಇರುತ್ತದೆ.

ನಾಯಿಯನ್ನು ಕಾಡುಪ್ರಾಣಿಯ ಮೇಲೆ ಬಿಡುವುದು ಒಂದು ಕಾಲಕ್ಕೆ ಅಪರಾಧವಲ್ಲ, ಕೀರ್ತಿ. ಅದಕ್ಕೆ ಕನ್ನಡ ನಾಡಿನಲ್ಲಿ ಸಿಗುವ ಅತ್ಯುತ್ತಮ ದಾಖಲೆ ಆತಕೂರಿನ ಶಾಸನ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ವೀರಗಲ್ಲು ಹತ್ತನೆಯ ಶತಮಾನದ ನಡುವಿನದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ತಕ್ಕೋಲದ ಯುದ್ಧದಲ್ಲಿ ಕೊಂದ ಸಂಗತಿಯನ್ನು ತಿಳಿಸುವ ಕಾರಣಕ್ಕೆ ಇತಿಹಾಸಕಾರರು ಇದನ್ನು ಮುಖ್ಯವೆನ್ನುತ್ತಾರೆ, ಆದರೆ ಕಲ್ಲನ್ನು ನೆಡಿಸಿದ್ದು ಆ ಯುದ್ಧಕ್ಕಾಗಿ ಅಲ್ಲ. ಶೌರ್ಯಕ್ಕೆ ಮೆಚ್ಚಿ ಬೇಕಾದ್ದನ್ನು ಕೇಳೆಂದಾಗ ಮಣಲೇರನೆಂಬ ವೀರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ಮುಂದೆ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಡಲಾಗಿ, ನಾಯಿ ಮತ್ತು ಹಂದಿ ಪರಸ್ಪರ ಕಾದಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಆತಕೂರಿನ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಡಲಾಯಿತು. ಯುದ್ಧದಲ್ಲಿ ಮಡಿದವರಿಗೆ, ತುರುಗಳನ್ನು ಕಾಯ್ದು ಸತ್ತವರಿಗೆ ಸಲ್ಲುವ ವೀರಗಲ್ಲಿನ ಮರ್ಯಾದೆ ಇಲ್ಲಿ ನಾಯಿಯೊಂದಕ್ಕೆ ಪೂರ್ತಿಯಾಗಿ ಸಂದಿದೆ. ಕಲ್ಲಿನ ಮೇಲೆ ನಾಯಿ ಹಂದಿಗಳ ಕಾಳಗವನ್ನೇ ಕೆತ್ತಲಾಗಿದೆ. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದ್ದು, ಆ ಕಟ್ಟಡ ಕಸ್ತೂರಬಾ ರಸ್ತೆಯಲ್ಲಿ ಕಬ್ಬನ್ ಉದ್ಯಾನಕ್ಕೆ ಹೊಂದಿಕೊಂಡೇ ಇದೆ. ನಗರದಲ್ಲಿ ನಾಯಿಗಳು ಅತಿ ಹೆಚ್ಚು ನಡೆದಾಡುವ ಉದ್ಯಾನವೂ ನಾಡಿನ ಅತಿ ಪ್ರಸಿದ್ಧ ನಾಯಿಯ ಸ್ಮಾರಕವೂ ಹೀಗೆ ನೆರೆಹೊರೆಯಾಗಿರುವುದು ಆಕಸ್ಮಿಕ, ಆದರೂ ಉದ್ಯಾನಕ್ಕೆ ನಾಯಿ ತರುವವರಲ್ಲಿ ಒಳಹೊಕ್ಕು ಕಾಳಿಯನ್ನು ನೋಡಿ ಬಂದವರು ವಿರಳವೆಂದೇ ತೋರುತ್ತದೆ.

ಕಾಳಿಗೆ ಕಲ್ಲು ನಿಲ್ಲಿಸಿದ ಕೆಲಸ ಇಂದು ಒಡೆಯನಿಗೆ ಮೊಕದ್ದಮೆ ತರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆ ಎಂಬುದಕ್ಕೆ ಕೊಡುವ ವ್ಯಾಖ್ಯೆಯಲ್ಲಿ ಕೊಲ್ಲುವುದಷ್ಟೇ ಅಲ್ಲದೆ ಬೆನ್ನಟ್ಟುವುದು, ಅಟ್ಟಿಕೊಂಡು ಹೋಗುವುದು ಮತ್ತು ಹಾಗೆ ಮಾಡಲು ಯತ್ನಿಸುವುದು ಕೂಡ ಸೇರಿದ್ದು, ಕಾಡುಹಂದಿಯೂ ಮೊಲವೂ ಅದರ ರಕ್ಷಣೆಯ ಪಟ್ಟಿಗಳೊಳಗಿವೆ. ನಾಯಿ ತಾನಾಗಿ ಓಡಿತೋ ಒಡೆಯ ಬಿಟ್ಟನೋ ಎಂಬ ವಿಚಾರಣೆ ಬೇರೆ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನ ಎಂದು ಘೋಷಿತವಾದ ಪ್ರದೇಶಗಳಿಗೆ ಮನುಷ್ಯನ ಪ್ರವೇಶವೇ ಅನುಮತಿಗೆ ಒಳಪಟ್ಟಿರುವಾಗ ಸಾಕುನಾಯಿಯನ್ನು ಅಲ್ಲಿಗೆ ಒಯ್ಯುವ ಆಲೋಚನೆಯನ್ನೇ ಬಿಡಬೇಕು. ಚರ್ಚೆಗೆ ಉಳಿಯುವುದು ಉಳಿದೆರಡು ಬಗೆಯ ನೆಲ: ಕಬ್ಬನ್ ಉದ್ಯಾನದಂಥ ನೆಟ್ಟು ಬೆಳೆಸಿದ ತೋಟಗಳು ಮತ್ತು ಬೆಂಗಳೂರಿನ ದಕ್ಷಿಣಕ್ಕೆ ಕನಕಪುರ ರಸ್ತೆಯ ಪಕ್ಕದ ತುರಹಳ್ಳಿಯಂಥ ಊರಂಚಿನ ಕಾಡುಗಳು. ಇವೆರಡನ್ನೂ ಪಾರ್ಕು ಎಂಬ ಒಂದೇ ಮಾತಿನಲ್ಲಿ ಸೇರಿಸಿಬಿಡುವುದರಿಂದಲೇ ಗೊಂದಲ ಹುಟ್ಟುತ್ತದೆ. ಮೊದಲನೆಯದು 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ, ಮನುಷ್ಯರ ವಿಹಾರಕ್ಕೆಂದೇ ಹುಟ್ಟಿದ ನೆಲ. ಅಲ್ಲಿ ನಾಯಿಯ ಪ್ರಶ್ನೆ ಮುಖ್ಯವಾಗಿ ನೆರೆಹೊರೆಯ ಪ್ರಶ್ನೆ. ಎರಡನೆಯದು ಎಷ್ಟೇ ಸವೆದಿದ್ದರೂ ಕಾಡು.

2022ರಲ್ಲಿ ಕಬ್ಬನ್ ಉದ್ಯಾನಕ್ಕೆ ಸಾಕುನಾಯಿಗಳ ಪ್ರವೇಶವನ್ನೇ ನಿಷೇಧಿಸುವ ಪ್ರಸ್ತಾವ ಬಂದು, ಹಗ್ಗ ಬಿಚ್ಚುವುದು ಮತ್ತು ಮಲ ಎತ್ತದಿರುವುದು ಅದಕ್ಕೆ ಕಾರಣಗಳೆಂದು ಹೇಳಲಾಯಿತು. ನಾಯಿ ಸಾಕಿದವರಿಂದ ವ್ಯಾಪಕ ವಿರೋಧ ಎದ್ದಿತು. ಆ ಎರಡು ಕಾರಣಗಳೂ ಸಣ್ಣವಲ್ಲ. ಆದರೆ ಪೂರ್ತಿ ನಿಷೇಧ ಸುಲಭದ ದಾರಿ, ಮತ್ತು ಸುಲಭವಾದುದರಿಂದಲೇ ದುರ್ಬಲ: ತೋಟದಿಂದ ಹೊರಹಾಕಿದ ನಾಯಿಗಳು ಮನೆಯಲ್ಲೇ ಉಳಿಯುವುದಿಲ್ಲ, ಊರಂಚಿನ ಕಾಡಿಗೆ ಹೋಗುತ್ತವೆ, ಅಲ್ಲಿ ಹಾನಿ ಹೆಚ್ಚು, ನೋಡುವವರು ಕಡಿಮೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಪದ್ಧತಿ ಈ ದೃಷ್ಟಿಯಿಂದ ಗಮನಾರ್ಹ. ಅಲ್ಲಿ ನಾಯಿ ಎಲ್ಲೆಡೆಯೂ 6 ಅಡಿ ಮೀರದ ಹಗ್ಗದಲ್ಲಿರಬೇಕೆಂಬುದು ಸಾಮಾನ್ಯ ನಿಯಮವಾದರೂ, ಎಲ್ಲಿಗೆ ಹೋಗಬಹುದು ಎಂಬುದನ್ನು ಆಯಾ ನೆಲದ ಗುಣ ನೋಡಿ ನಿರ್ಧರಿಸಲಾಗುತ್ತದೆ. ಕರಡಿ, ತೋಳ, ಕುದಿನೀರಿನ ಬುಗ್ಗೆಗಳಿರುವ ಯೆಲ್ಲೋಸ್ಟೋನ್‌ನಲ್ಲಿ ನಾಯಿ ಕಾಲುದಾರಿಯನ್ನು ಮೆಟ್ಟುವಂತಿಲ್ಲ, ರಸ್ತೆ ಮತ್ತು ವಾಹನ ನಿಲ್ದಾಣಗಳಿಂದ 100 ಅಡಿಯೊಳಗೆ ಇರಬೇಕು. ಮೇಯ್ನ್ ರಾಜ್ಯದ ಅಕೇಡಿಯಾದಲ್ಲಿ ಸುಮಾರು 100 ಮೈಲಿ ಚಾರಣದಾರಿ ನಾಯಿಗಳಿಗೆ ತೆರೆದಿದೆ. ವರ್ಜೀನಿಯಾದ ಶೆನಂಡೋವಾದಲ್ಲಿ ಸುಮಾರು 500 ಮೈಲಿ ದಾರಿಗಳಲ್ಲಿ 20 ಮೈಲಿಯಷ್ಟು ಮಾತ್ರ ನಿಷಿದ್ಧ, ಅದೂ ಬಂಡೆ ಹತ್ತಬೇಕಾದ ಕಡಿದಾದ ಅಥವಾ ಜನದಟ್ಟಣೆಯ ಭಾಗಗಳು. ಒಂದೇ ಇಲಾಖೆಯ ಕೈಕೆಳಗೆ ಮೂರು ಬಗೆಯ ಉತ್ತರಗಳಿರುವುದು ಅಸಂಗತವಲ್ಲ, ನೆಲವನ್ನು ಓದಿ ಬರೆದ ನಿಯಮದ ಲಕ್ಷಣ. ಇಲ್ಲಿನ ಫಲಕಗಳು ಬೇಡ ಎಂಬುದನ್ನು ಗಟ್ಟಿಯಾಗಿ ಹೇಳುತ್ತವೆ. ಯಾವ ದಾರಿ, ಯಾವ ಋತು, ಯಾವ ಹೊತ್ತು ಎಂಬುದನ್ನು ಹೇಳುವ ಫಲಕ ಅಪರೂಪ.

ಮಲ ಎತ್ತುವ ವಿಷಯವನ್ನು ಅಸಹ್ಯದ ಪ್ರಶ್ನೆಯಾಗಿ ಮಾತ್ರ ನೋಡುವುದು ವಾಡಿಕೆ. ಬೆಲ್ಜಿಯಂನ ಗೆಂಟ್ ನಗರದ ಬಳಿಯ ಮೀಸಲು ಕಾಡುಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ಗೊಬ್ಬರದ ಪ್ರಶ್ನೆಯಾಗಿ ಅಳೆಯಿತು: ನಾಯಿಗಳ ಮಲಮೂತ್ರದಿಂದ ಪ್ರತಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 11 ಕಿಲೊ ಸಾರಜನಕವೂ 5 ಕಿಲೊ ರಂಜಕವೂ ಮಣ್ಣಿಗೆ ಸೇರುತ್ತಿದ್ದವು. ಗೊಬ್ಬರ ಬಿದ್ದರೆ ಒಳ್ಳೆಯದೇ ಅಲ್ಲವೇ ಎನ್ನಿಸುವುದು ಕೃಷಿಕ ಮನಸ್ಸಿಗೆ ಸಹಜ, ಆದರೆ ಬಡಮಣ್ಣಿಗೆ ಒಗ್ಗಿಕೊಂಡು ಬೆಳೆದ ಕಾಡುಗಿಡಗಳನ್ನು, ಸತ್ವ ಹೆಚ್ಚಿದಾಗ ಹುಲುಸಾಗಿ ಏಳುವ ಕಳೆಗಳು ಒತ್ತಿಹಾಕುತ್ತವೆ. ರಂಜಕ ಬಹುತೇಕ ಮಲದಲ್ಲಿಯೇ ಇರುವುದರಿಂದ ಚೀಲವೊಂದನ್ನು ಜೇಬಿನಲ್ಲಿಟ್ಟುಕೊಂಡರೆ ಆ ಭಾಗ ತಪ್ಪುತ್ತದೆ. ಎತ್ತಿ ಕಟ್ಟಿದ ಚೀಲವನ್ನು ಪೊದೆಯ ಮೇಲೆ ಎಸೆದುಹೋಗುವವರು ಮಾತ್ರ ಎತ್ತದವರಿಗಿಂತ ಕೆಟ್ಟವರು. ಮಲದ ಜತೆ ಬರುವ ದುಂಡುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿದ್ದು ಆಟವಾಡುವ ಮಕ್ಕಳ ಕೈಗೂ ಹತ್ತುತ್ತವೆ. ಮರಿಗಳಿಗೆ ಮಾರಕವಾದ ಪಾರ್ವೊ ವೈರಸ್ ಕೂಡ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುವ ಕಾರಣ, ಲಸಿಕೆಯ ಸರಣಿ ಮುಗಿಯುವವರೆಗೆ, ಎಂದರೆ ಸುಮಾರು ನಾಲ್ಕು ತಿಂಗಳು ತುಂಬುವವರೆಗೆ, ಮರಿಯನ್ನು ಸಾರ್ವಜನಿಕ ಉದ್ಯಾನದ ನೆಲಕ್ಕೆ ಬಿಡದಿರುವುದು ಲೇಸು.

ಲಸಿಕೆಯ ಮಾತು ನಾಯಿಯ ಆರೋಗ್ಯಕ್ಕೆ ಸೀಮಿತವಲ್ಲ. ಕೆನೈನ್ ಡಿಸ್ಟೆಂಪರ್ ಎಂಬುದು ನಾಯಿಗಳ ಉಸಿರಾಟ ಮತ್ತು ನರಮಂಡಲವನ್ನು ಹಿಡಿಯುವ ವೈರಸ್ ರೋಗ. 1994ರಲ್ಲಿ ಪೂರ್ವ ಆಫ್ರಿಕದ ಸೆರೆಂಗೆಟಿಯಲ್ಲಿ ಅದು ಸಿಂಹಗಳಿಗೆ ತಗುಲಿ ಅವುಗಳ ಸುಮಾರು ಮೂರನೇ ಒಂದು ಭಾಗವನ್ನು ಬಲಿತೆಗೆದುಕೊಂಡಿತು, 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಅದೇ ವೈರಸ್ ಪತ್ತೆಯಾಯಿತು. ಬಂಡೀಪುರ, ನಾಗರಹೊಳೆಗಳ ಸೀಳುನಾಯಿ ಸಾಕುನಾಯಿಗೆ ಇನ್ನೂ ಹತ್ತಿರದ ಸಂಬಂಧಿ ಎಂಬುದನ್ನು ನೆನೆದರೆ ಕಾಡಂಚಿನ ಊರುಗಳ ನಾಯಿಗಳಿಗೆ ಲಸಿಕೆ ಹಾಕಿಸುವುದರ ಅರ್ಥ ಬೇರೆಯೇ ಆಗುತ್ತದೆ. ರೇಬೀಸ್ ಲಸಿಕೆಯನ್ನು ಕಾಲಕಾಲಕ್ಕೆ ಹಾಕಿಸುವುದು ಹೇಳಬೇಕಾಗಿಯೇ ಇಲ್ಲದ ಸಂಗತಿ. ಮಳೆಗಾಲದಲ್ಲಿ ನಿಂತ ನೀರನ್ನು ನೆಕ್ಕುವ ನಾಯಿಗೆ ಇಲಿಜ್ವರದ ಲಸಿಕೆಯೂ ಬೇಕು.

ಬೇಟೆಗಾರನ ವಾಸನೆ ಹೊತ್ತ ಈ ಪ್ರಾಣಿ ತಾನೇ ಬೇಟೆಯೂ ಹೌದು. ಮಹಾರಾಷ್ಟ್ರದ ಅಕೋಲೆ ಪ್ರದೇಶದ ಕಬ್ಬಿನ ಗದ್ದೆಗಳ ನಡುವೆ ಬದುಕುವ ಚಿರತೆಗಳ ಆಹಾರವನ್ನು ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಪರಿಶೀಲಿಸಿದಾಗ, ತೂಕದ ಲೆಕ್ಕದಲ್ಲಿ ಸುಮಾರು ಶೇ 39ರಷ್ಟು ನಾಯಿಯೇ ಆಗಿರುವುದು ಕಂಡುಬಂತು. ಬನ್ನೇರುಘಟ್ಟದ ಅಂಚು, ಕನಕಪುರ ರಸ್ತೆಯ ಕಾಡುಗಳು, ಮೈಸೂರಿನ ಚಾಮುಂಡಿ ಬೆಟ್ಟ, ಎಲ್ಲವೂ ಚಿರತೆಯ ಓಡಾಟ ವರದಿಯಾಗುವ ಜಾಗಗಳಾದ್ದರಿಂದ ಮುಂಜಾವಿನ ಮಬ್ಬಿನಲ್ಲೂ ಸಂಜೆಗತ್ತಲಲ್ಲೂ ಅಲ್ಲಿ ನಾಯಿಯನ್ನು ನಡೆಸುವುದು ಸಲ್ಲದು. ಆನೆ ಮತ್ತು ಕರಡಿಯಿರುವ ಕಡೆ ಅಪಾಯದ ಬಗೆ ಬೇರೆ: ಬೊಗಳುತ್ತ ಮುನ್ನುಗ್ಗಿದ ನಾಯಿ, ಎದುರಾಳಿ ತಿರುಗಿಬಿದ್ದೊಡನೆ ಒಡೆಯನ ಕಾಲಬುಡಕ್ಕೇ ಓಡಿಬರುತ್ತದೆ, ಬೆನ್ನಟ್ಟಿದ ಪ್ರಾಣಿಯನ್ನೂ ಕರೆತರುತ್ತದೆ. ಬೀದಿನಾಯಿಗಳ ಗುಂಪಿನ ಗಡಿಯೊಳಗೆ ಕಾಲಿಟ್ಟಾಗಿನ ಪೇಚಾಟ ಎಲ್ಲರಿಗೂ ತಿಳಿದದ್ದೇ. ಅಲ್ಲಿ ಹಗ್ಗವನ್ನು ಬಿಗಿಯಾಗಿ ಜಗ್ಗದೆ, ಓಡದೆ, ಬಳಸುದಾರಿ ಹಿಡಿಯುವುದು ಒಳಿತು.

ನಾಯಿಯ ದೇಹ ಬಿಸಿಲಿಗೆ ಹೇಳಿ ಮಾಡಿಸಿದ್ದಲ್ಲ. ಮನುಷ್ಯ ಮೈಯೆಲ್ಲ ಬೆವತು ತಣ್ಣಗಾಗುತ್ತಾನೆ. ನಾಯಿಗೆ ಬೆವರುವ ಗ್ರಂಥಿಗಳಿರುವುದು ಮುಖ್ಯವಾಗಿ ಅಂಗಾಲಿನಲ್ಲಿ ಮಾತ್ರ, ಉಳಿದ ಕಾವನ್ನು ಅದು ನಾಲಗೆ ಚಾಚಿ ತೇಕುತ್ತಲೇ ಹೊರಹಾಕಬೇಕು. ಅದರ ಸಹಜ ಮೈಕಾವು ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಅಂಗಾಂಗಗಳಿಗೆ ಪೆಟ್ಟು. ಪಗ್, ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯ ತಳಿಗಳಿಗೆ ತೇಕುವ ದಾರಿಯೇ ಇಕ್ಕಟ್ಟಾದ್ದರಿಂದ ಗುಡ್ಡ ಹತ್ತಿಸುವುದು ಅವುಗಳ ಪಾಲಿಗೆ ಶಿಕ್ಷೆ, ಹಿಮದ ನಾಡಿನ ಹಸ್ಕಿಯನ್ನು ಏಪ್ರಿಲ್ ತಿಂಗಳಲ್ಲಿ ಬಂಡೆದಾರಿಗೆ ಒಯ್ಯುವುದೂ ಅಂಥದ್ದೇ. ಕಾದ ಬಂಡೆ ಅಥವಾ ಡಾಂಬರಿನ ಮೇಲೆ ಅಂಗೈಯನ್ನು ಕೆಲವು ಕ್ಷಣ ಇಡಲಾಗದಿದ್ದರೆ ನಾಯಿಯ ಅಂಗಾಲೂ ತಾಳದು. ದೊಡ್ಡ ತಳಿಯ ಮರಿಗಳ ಎಲುಬುಗಂಟುಗಳು ಬಲಿಯಲು ಒಂದರಿಂದ ಒಂದೂವರೆ ವರ್ಷ ಬೇಕು, ಅಲ್ಲಿಯವರೆಗೆ ಉದ್ದ ಏರುದಾರಿ ಬೇಡ. ಈ ನಾಡಿಗೆ ಒಗ್ಗಿದ ಊರನಾಯಿ ಇವೆಲ್ಲಕ್ಕಿಂತ ಗಟ್ಟಿ ಚಾರಣಿಗ, ಆದರೂ ಕೊಳ್ಳುವವರ ಕಣ್ಣು ಹಸ್ಕಿಯ ನೀಲಿ ಕಣ್ಣಿನ ಮೇಲೆಯೇ ನೆಡುವುದು ವಿಚಿತ್ರ.

ನಡಿಗೆ ಮುಗಿದ ಮೇಲೆ ನಾಯಿಯ ಮೈ ತಡವುವುದು ಕೊನೆಯ ಕೆಲಸ. ಉತ್ತರಾಣಿಯ ಮುಳ್ಳುಕಾಯಿಗಳು ಬಾಲದಲ್ಲಿ, ಹುಲ್ಲಿನ ಚೂಪುಬೀಜಗಳು ಕಾಲ್ಬೆರಳ ಸಂದಿಯಲ್ಲಿ, ಕಿವಿಯಲ್ಲಿ ಸಿಕ್ಕಿಕೊಂಡಿರುತ್ತವೆ. ಅವನ್ನು ಕಿತ್ತು ಬೇರೆ ಕಾಡಿನಲ್ಲಿ ಬಿಸಾಡಿದರೆ ಆ ಗಿಡದ ಬಿತ್ತನೆಯನ್ನೇ ಮಾಡಿದಂತಾಗುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ತ್ರಾಲ್ 1941ರಲ್ಲಿ ಆಲ್ಪ್ಸ್ ತಪ್ಪಲಿನ ನಡಿಗೆಯಿಂದ ಮರಳಿ, ತನ್ನ ನಾಯಿಯ ರೋಮಕ್ಕೆ ಅಂಟಿದ್ದ ಇಂಥದೇ ಕಾಯಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ್ದರಿಂದ ವೆಲ್ಕ್ರೋ ಪಟ್ಟಿ ಹುಟ್ಟಿತು. ಎಲ್ಲರಿಗೂ ದಕ್ಕುವುದು ಮಾತ್ರ ಉಣುಗು. ನಾಯಿಯ ರಕ್ತ ಹೀರುವ ಈ ಜೀವಿಗಳು ಎರ್ಲಿಕಿಯೋಸಿಸ್, ಬೆಬೀಸಿಯೋಸಿಸ್ ಎಂಬ ಜ್ವರಗಳನ್ನು ಹರಡುತ್ತವೆ, ಊಟ ಬಿಟ್ಟು ಮಂಕಾದ ನಾಯಿಯ ವಸಡು ಬಿಳಿಚಿಕೊಂಡಿದ್ದರೆ ತಡಮಾಡದೆ ರಕ್ತಪರೀಕ್ಷೆ ಮಾಡಿಸಬೇಕು.

ಮಲೆನಾಡಿನಲ್ಲಿ ಉಣುಗಿನ ಲೆಕ್ಕ ಮನುಷ್ಯನಿಗೂ ಸೇರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಜನ ಮಂಗನಕಾಯಿಲೆ ಎಂದೇ ಕರೆಯುವ ಜ್ವರ ಉಣುಗಿನ ಕಡಿತದಿಂದ ಹರಡುವಂಥದ್ದು. ಮಳೆ ನಿಂತ ನವೆಂಬರಿನಿಂದ ಮತ್ತೆ ಮಳೆ ಹಿಡಿಯುವವರೆಗೆ, ಒಣ ತರಗೆಲೆಗಳ ನಡುವೆ ಉಣುಗಿನ ಮರಿಗಳು ತುಂಬಿರುವ ತಿಂಗಳುಗಳಲ್ಲಿ, ಅದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಕಾಡುದಾರಿಗಳಲ್ಲಿ ಆ ತಿಂಗಳುಗಳಲ್ಲಿ ಸತ್ತ ಮಂಗ ಕಂಡರೆ ಅದರ ಮೈಬಿಟ್ಟ ಉಣುಗುಗಳು ಸುತ್ತಲಿನ ನೆಲದಲ್ಲಿರುತ್ತವೆಯಾದ್ದರಿಂದ ಹತ್ತಿರ ಸುಳಿಯದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕೆಂಬುದು ಅಲ್ಲಿಯ ರೂಢಿಯ ಎಚ್ಚರಿಕೆ. ಮನುಷ್ಯನ ಕಣ್ಣಿಗೆ ಬೀಳುವ ಮೊದಲೇ ಆ ಹೆಣದ ವಾಸನೆ ನಾಯಿಯ ಮೂಗಿಗೆ ಬಿದ್ದಿರುತ್ತದೆ, ಹಗ್ಗ ಎರಡು ಮೀಟರಿನದಾಗಿದ್ದರೆ ಅದು ದಾರಿಯಂಚಿನಲ್ಲೇ ನಿಲ್ಲುತ್ತದೆ.